ಮೀನುಗಾರನಿಗೆ 200 ಮೀಟರ್, ಪ್ರವಾಸಿಗೆ 10

ಮಳೆಗಾಲ ಹಿಡಿಯಿತೆಂದರೆ ಉಳ್ಳಾಲ, ಸೋಮೇಶ್ವರ, ಉಚ್ಚಿಲ, ಮರವಂತೆ ಕಡೆಯಿಂದ ಕಡಲ್ಕೊರೆತದ ಸುದ್ದಿ ಬರುತ್ತದೆ. ಅದರ ಬೆನ್ನಿಗೇ ಉಪದೇಶವೂ ಬರುತ್ತದೆ: ‘ಕಡಲ ಬಾಯಲ್ಲಿ ಮನೆ ಕಟ್ಟಿಕೊಂಡವರಿಗೆ ವರ್ಷವರ್ಷವೂ ಯಾಕೆ ಪರಿಹಾರ? ಒಮ್ಮೆ ಎಲ್ಲರನ್ನೂ ಎಬ್ಬಿಸಿ ಒಳಗೆ ಸಾಗಿಸಿದರೆ ತಲೆನೋವು ಮುಗಿಯಿತಲ್ಲ!’ ಹೀಗೆ ಹೇಳುವವರ ದನಿಯಲ್ಲಿ ಕರುಣೆಯೂ ಇರುತ್ತದೆ, ಬೊಕ್ಕಸದ ಬಗ್ಗೆ ಕಾಳಜಿಯೂ ಇರುತ್ತದೆ. ಇಲ್ಲದಿರುವುದು ಒಂದೇ ಪ್ರಶ್ನೆ. ಕಡಲತೀರ ಅಷ್ಟು ಅಪಾಯಕಾರಿಯಾಗಿದ್ದರೆ ಅದು ಯಾರಿಗೆ ಅಪಾಯಕಾರಿ? ಅಲೆಗೆ ಆದಾಯ ನೋಡಿ ಬಡಿಯುವ ಅಭ್ಯಾಸವಿಲ್ಲ. ನಮ್ಮ ಸರ್ಕಾರಿ ಆದೇಶಗಳಿಗೆ ಇದೆ.

2004ರ ಡಿಸೆಂಬರ್ 26ರ ಸುನಾಮಿಯನ್ನೇ ತೆಗೆದುಕೊಳ್ಳಿ. ತಮಿಳುನಾಡಿನ ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೂರು ತಿಂಗಳು ಕಳೆಯುತ್ತಲೇ, 2005ರ ಮಾರ್ಚ್ ಕೊನೆಯಲ್ಲಿ, ಅಲ್ಲಿನ ಸರ್ಕಾರ ಹೊರಡಿಸಿದ ಆದೇಶದ ತಿರುಳು ಇಷ್ಟು: ಉಬ್ಬರದ ಗೆರೆಯಿಂದ 200 ಮೀಟರ್ ಆಚೆಗೆ ಹೋಗುವವರಿಗೆ ಹೊಸ ಮನೆ, ಆದರೆ ಹಳೆಯ ಜಾಗವನ್ನು ಸರ್ಕಾರಕ್ಕೆ ಬಿಟ್ಟುಕೊಡಬೇಕು. ಹೋಗಲು ಒಪ್ಪದವರು ಅಲ್ಲೇ ಇರಬಹುದು, ಆದರೆ ಸರ್ಕಾರದಿಂದ ಕಾಸಿನ ನೆರವೂ ಇಲ್ಲ. ಕಾಗದದಲ್ಲಿ ಇದರ ಹೆಸರು ಆಯ್ಕೆ. ಮನೆ, ದೋಣಿ, ಮನೆಯವರನ್ನು ಕಳೆದುಕೊಂಡವನ ಮುಂದೆ ಇಂಥದ್ದನ್ನು ಇಟ್ಟರೆ ಅದನ್ನು ಬೆದರಿಕೆ ಎನ್ನದೆ ಇನ್ನೇನೆನ್ನಬೇಕು? ಶ್ರೀಲಂಕಾದಲ್ಲೂ ಇದೇ ಆಟ. ದಕ್ಷಿಣ ಮತ್ತು ಪಶ್ಚಿಮದ ತೀರದಲ್ಲಿ 100 ಮೀಟರ್, ಉತ್ತರ ಮತ್ತು ಪೂರ್ವದಲ್ಲಿ 200 ಮೀಟರ್ ಒಳಗೆ ಯಾರೂ ಮತ್ತೆ ಮನೆ ಕಟ್ಟಬಾರದೆಂದು ಸರ್ಕಾರ ಗೆರೆ ಎಳೆಯಿತು. ಹೋಟೆಲುಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಮುಂದಿನ ಸುನಾಮಿ ರೂಮು ಬುಕ್ ಮಾಡಿಕೊಂಡೇ ಬರುತ್ತದೆ ಎಂದು ಯಾರೋ ಭರವಸೆ ಕೊಟ್ಟಿದ್ದರೇನೋ! ಜನ ತಿರುಗಿಬಿದ್ದ ಮೇಲೆಯೇ ಆ ನಿಯಮ ಸಡಿಲವಾದದ್ದು.

ಈಗ ನಮ್ಮ ದೇಶದ ಇನ್ನೊಂದು ಕಾಗದ ನೋಡಿ. 2019ರ ಜನವರಿಯಲ್ಲಿ ಪ್ರಕಟವಾದ ಹೊಸ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ, ಜನ ದಟ್ಟವಾಗಿರುವ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ವಲಯವನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಪ್ರವಾಸಿಗರ ತಾತ್ಕಾಲಿಕ ಶ್ಯಾಕುಗಳಿಗಂತೂ ಉಬ್ಬರದ ಗೆರೆಯಿಂದ 10 ಮೀಟರ್ ಬಿಟ್ಟರೆ ಸಾಕು. ತಮಿಳುನಾಡಿನ ಆ ಆದೇಶದಲ್ಲಿ ಮೀನುಗಾರನ ಮನೆಗೆ 200, ಈ ಅಧಿಸೂಚನೆಯಲ್ಲಿ ಪ್ರವಾಸಿಯ ಶ್ಯಾಕಿಗೆ 10. ಸಮುದ್ರ ಅದೇ, ಉಬ್ಬರ ಅದೇ, ಚಂಡಮಾರುತವೂ ಅದೇ. ಶ್ಯಾಕು ತಾತ್ಕಾಲಿಕ, ಮನೆ ಶಾಶ್ವತ ಎಂದು ಕಾನೂನು ಬಲ್ಲವರು ತಿದ್ದಬಹುದು. ಸರಿ, ಹಾಗಾದರೆ ಮೀನುಗಾರನ ಬಲೆಯ ಚಪ್ಪರ, ದೋಣಿ ಎಳೆದಿಡುವ ಜಾಗ, ಮೀನು ಒಣಗಿಸುವ ಮರಳುದಿಣ್ಣೆ ಇವುಗಳೂ ಶಾಶ್ವತ ಕಟ್ಟಡಗಳಲ್ಲವಲ್ಲ. ಜನರನ್ನು ಎಬ್ಬಿಸುವಾಗ ಇವುಗಳಿಗಾಗಿ ಹಳೆಯ ಜಾಗವನ್ನು ಅವರ ಹೆಸರಿಗೇ ಉಳಿಸಿದರೆ ಗಂಟು ಹೋಗುವುದು ಯಾರದ್ದು?

ಇಲ್ಲಿಯೇ ಸ್ಥಳಾಂತರವಾದಿಗಳ ಲೆಕ್ಕ ತಪ್ಪುವುದು. ಅವರ ಕಣ್ಣಿಗೆ ಬೀಳುವುದು ಮನೆ ಮಾತ್ರ. ರೈತನಿಗೆ ಕಣವಿದ್ದಂತೆ ಮೀನುಗಾರನಿಗೆ ತೀರ. ಕೈರಂಪಣಿ ಬಲೆ ಎಳೆಯಲು ಹತ್ತಾರು ಕೈ ಒಟ್ಟಿಗೆ ಮರಳಿನ ಮೇಲೆ ನಿಲ್ಲಬೇಕು. ನಾಡದೋಣಿಯವನು ನಸುಕಿನಲ್ಲಿ ನೀರಿನ ಬಣ್ಣ, ಗಾಳಿಯ ದಿಕ್ಕು ನೋಡಿ ಹೊರಡಬೇಕು. ಹೆಂಗಸರು ಒಣಮೀನಿಗೆ ಕಾವಲಿರಬೇಕು, ಮಳೆ ಹನಿದರೆ ಓಡಿಹೋಗಿ ಬಾಚಿಕೊಳ್ಳಬೇಕು. ಇದನ್ನೆಲ್ಲ ಒಳನಾಡಿನ ಬಹುಮಹಡಿ ಕಟ್ಟಡದಿಂದ ಬಸ್ಸು ಹತ್ತಿ ಬಂದು ಮಾಡಲಾಗದು. ಕೇರಳದ ‘ಪುನರ್ಗೇಹಂ’ ಯೋಜನೆ ತೀರದ 50 ಮೀಟರ್ ಒಳಗಿನ ಕುಟುಂಬಗಳಿಗೆ ಜಾಗ ಮತ್ತು ಮನೆಗೆಂದು ಒಟ್ಟು 10 ಲಕ್ಷ ರೂಪಾಯಿ ಕೊಡುತ್ತದೆ. ಮನೆಗೆ ಬೆಲೆ ಕಟ್ಟಿದರು, ಕಸುಬಿಗೆ ಯಾರು ಕಟ್ಟುತ್ತಾರೆ? ಒಡಿಶಾದ ಸಾತಭಾಯಾದಲ್ಲಿ ಕಡಲು ಊರನ್ನೇ ನುಂಗಿದ್ದರಿಂದ 571 ಕುಟುಂಬಗಳನ್ನು ಬಾಗಪಾಟಿಯಾಕ್ಕೆ ಸಾಗಿಸಿದರು. ಅಲ್ಲಿ ಸ್ಥಳಾಂತರ ಅನಿವಾರ್ಯವೇ ಆಗಿತ್ತು, ಜನರೇ ಕೇಳಿದ್ದರು. ಆದರೆ ಸಿಕ್ಕಿದ್ದು ತಲಾ ಹತ್ತು ಡೆಸಿಮಲ್ (ಎಕರೆಯ ಹತ್ತನೇ ಒಂದು ಭಾಗ) ನಿವೇಶನ. ಉಳುವ ನೆಲವಿಲ್ಲದೆ ಅಲ್ಲಿನ ಯುವಕರು ಕೂಲಿ ಹುಡುಕಿಕೊಂಡು ದೂರದ ರಾಜ್ಯಗಳಿಗೆ ಹೋಗುತ್ತಿದ್ದಾರೆ.

‘ಪ್ರಕೃತಿಯ ಮುಂದೆ ಏನು ಮಾಡಲಾದೀತು?’ ಎಂಬ ರಾಗವನ್ನೂ ನಿಲ್ಲಿಸಿ. 1990ರಿಂದ 2018ರವರೆಗಿನ ಅಧ್ಯಯನದಲ್ಲಿ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ದೇಶದ ತೀರದ ಸುಮಾರು ಮೂರನೇ ಒಂದು ಭಾಗ ಸವೆಯುತ್ತಿದೆ ಎಂದಿದೆ. ಮರಳು ತೀರದುದ್ದಕ್ಕೂ ಚಲಿಸುವ ವಸ್ತು. ಅಳಿವೆಗೋ ಬಂದರಿಗೋ ಕಲ್ಲಿನ ತಡೆಗೋಡೆ ಕಟ್ಟಿದರೆ ಒಂದು ಬದಿಯಲ್ಲಿ ಮರಳು ಕೂಡುತ್ತದೆ, ಇನ್ನೊಂದು ಬದಿ ಹಸಿದು ಕೊರೆದುಹೋಗುತ್ತದೆ. ಕೇರಳದ ವಿಳಿಂಜಂ ಬಂದರಿನ ವಿರುದ್ಧ 2022ರಲ್ಲಿ ತಿಂಗಳುಗಟ್ಟಲೆ ಕುಳಿತ ಮೀನುಗಾರರು ಹೇಳಿದ್ದೂ ಇದನ್ನೇ. ನಮ್ಮ ನದಿಗಳ ಮರಳು ಕಡಲು ಸೇರುವ ಮೊದಲೇ ಟಿಪ್ಪರು ಹತ್ತುತ್ತದೆ. ಕಡಲು ಕೊರೆದ ಜಾಗಕ್ಕೆ ಗುಡ್ಡ ಒಡೆದು ಬಂಡೆ ಸುರಿಯಲಾಗುತ್ತದೆ, ಮುಂದಿನ ಮಳೆಗಾಲಕ್ಕೆ ಬಂಡೆ ಮುಳುಗುತ್ತದೆ, ಮತ್ತೆ ಟೆಂಡರು. ಕರಾವಳಿಯಲ್ಲಿ ವರ್ಷಕ್ಕೊಂದು ಬೆಳೆ ತಪ್ಪದೆ ಕೊಡುವುದು ಈ ಕಲ್ಲಿನ ಗುತ್ತಿಗೆ ಮಾತ್ರ. ಇಷ್ಟೂ ಮಾಡಿದವರು ಯಾರೂ ಸ್ಥಳಾಂತರವಾಗುವುದಿಲ್ಲ.

ಜೀವ ಮುಖ್ಯವಲ್ಲವೇ ಎನ್ನುತ್ತೀರಿ. ಖಂಡಿತ ಮುಖ್ಯ. 1999ರ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಒಡಿಶಾ ತನ್ನ ತೀರವನ್ನು ಖಾಲಿ ಮಾಡಿಸಿರಲಿಲ್ಲ. ಆಶ್ರಯ ಕಟ್ಟಡ ಕಟ್ಟಿತು, ಮುನ್ಸೂಚನೆಯನ್ನು ಹಳ್ಳಿಗೆ ಮುಟ್ಟಿಸಿತು, ಸುಮಾರು ಹತ್ತು ಲಕ್ಷ ಜನರನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಿ ಗಾಳಿ ನಿಂತ ಮೇಲೆ ಮನೆಗೆ ಕಳಿಸಿತು. ಜೀವ ಉಳಿಸಲು ಬೇಕಾದ್ದು ಇದು. ಜಾಗ ಕಿತ್ತುಕೊಳ್ಳುವುದು ಬೇರೆ ಕೆಲಸ, ಅದರ ಉದ್ದೇಶವೂ ಬೇರೆ. ಅನುಮಾನವಿದ್ದವರು ಹೊನ್ನಾವರದ ಕಾಸರಕೋಡಿಗೆ ಹೋಗಿ ನೋಡಲಿ: ಒಂದು ಕಡೆ ಪ್ರವಾಸಿಗರಿಗೆಂದು ಸಜ್ಜಾದ ಬ್ಲೂ ಫ್ಲ್ಯಾಗ್ ಬೀಚು, ಇನ್ನೊಂದು ಕಡೆ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ತೀರಕ್ಕಾಗಿ ಹೋರಾಡುತ್ತಿರುವ ಮೀನುಗಾರರು.

ಕಡಲ ಮಟ್ಟ ಏರುತ್ತಿರುವ ಕಾಲದಲ್ಲಿ ಕೆಲವು ಮನೆಗಳು ಹಿಂದೆ ಸರಿಯಲೇಬೇಕು. ಸರಿಯಲಿ. ಆದರೆ ಮನೆ ಹೋದರೂ ತೀರ ಆ ಊರಿನ ಹೆಸರಿನಲ್ಲೇ ಹಕ್ಕುಪತ್ರ ಸಮೇತ ಉಳಿಯಬೇಕು, ಹೊಸ ಮನೆ ದೋಣಿಗೆ ನಡೆದು ಹೋಗುವಷ್ಟು ಹತ್ತಿರವಿರಬೇಕು, ಮೀನುಗಾರ ತೆರವು ಮಾಡಿದ ಜಾಗದಲ್ಲಿ ಶ್ಯಾಕಾಗಲಿ ರೆಸಾರ್ಟಾಗಲಿ ಏಳಕೂಡದು. ಈ ಮೂರನ್ನು ಕಾನೂನಿನಲ್ಲಿ ಬರೆದುಕೊಡಲು ಒಪ್ಪದ ಸರ್ಕಾರ ಪುನರ್ವಸತಿಯ ಮಾತೆತ್ತಿದರೆ ಅದು ತೀರದ ಹರಾಜಿನ ಪೀಠಿಕೆ ಎಂದೇ ತಿಳಿಯಿರಿ.