ವಿಕ್ರಮರಾಯನ ಮೋಹ

ನಮ್ಮೂರು ಸಂಸೆ. ನಾಟಕಕಾರ 'ಸಂಸ'ರಿಗೂ ಈ ಊರಿಗೂ ಯಾವ ನಂಟೂ ಇಲ್ಲ. ಅವರು ಹುಟ್ಟಿದ್ದು ಯಳಂದೂರಿನ ಬಳಿಯ ಅಗರದಲ್ಲಿ. ಆದರೂ ಹೆಸರಿನ ಸಾಮ್ಯಕ್ಕೆ ಮರುಳಾಗಿಯೇ ನಾನು ಅವರ 'ವಿಗಡ ವಿಕ್ರಮರಾಯ' ನಾಟಕವನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡೆ.

ಇತಿಹಾಸದ ವಿಕ್ರಮರಾಯ ಮೈಸೂರಿನ ದಳವಾಯಿ. 1638ರಲ್ಲಿ ಇಮ್ಮಡಿ ರಾಜ ಒಡೆಯರನ್ನು ವಿಷವಿಕ್ಕಿಸಿ ಕೊಲ್ಲಿಸಿದವನು. ಆಮೇಲೆ ಪಟ್ಟಕ್ಕೆ ಬಂದ ರಣಧೀರ ಕಂಠೀರವ ನರಸರಾಜ ಒಡೆಯರು ಅವನನ್ನೂ ಕೊಲ್ಲಿಸಿದರು.

ತರಗತಿಯಲ್ಲಿ ಈ ಕಥೆ ಹೇಳುವಾಗ ಮಕ್ಕಳ ಕಣ್ಣು ಅರಳುತ್ತಿದ್ದುದು ದಳವಾಯಿಯ ಪ್ರಸಂಗ ಬಂದಾಗಲೇ. ನನ್ನ ದನಿಯೂ ಅಲ್ಲಿಯೇ ಏರುತ್ತಿತ್ತೆಂದು ಒಪ್ಪಿಕೊಳ್ಳುತ್ತೇನೆ. ಒಮ್ಮೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸತ್ತ ರಾಜ ಹೇಗಿದ್ರು ಸಾರ್?" ಎಂದು ಕೇಳಿದಳು. ಕೊಲೆಗಾರನ ವಿಷಯವಾಗಿ ಮುಕ್ಕಾಲು ಗಂಟೆ ಮಾತನಾಡಿದ್ದ ನನ್ನಲ್ಲಿ, 1637ರಲ್ಲಿ ಪಟ್ಟವೇರಿ ಮರುವರ್ಷವೇ ಮಡಿದವರ ಬಗ್ಗೆ ಹೇಳಲು ಒಂದು ಮಾತೂ ಇರಲಿಲ್ಲ.

ಸಂಚುಗಾರನ ಸೆಳೆತ ಇರುವುದು ಅವನು ನಮ್ಮಲ್ಲಿ ಇಡುವ ಸಲಿಗೆಯಲ್ಲಿ ಎಂದು ನನ್ನ ಭಾವನೆ. ಅರಮನೆಯ ಇನ್ನಾರಿಗೂ ತಿಳಿಯದ ಗುಟ್ಟು ನಮಗೆ ತಿಳಿದಿರುತ್ತದೆ. ಗುಟ್ಟಿನಲ್ಲಿ ಪಾಲುಗೊಂಡವರಿಗೆ ಸಂಚು ಕೈಗೂಡಲಿ ಎಂಬ ಆಸೆಯೂ ಮೆಲ್ಲಗೆ ಹುಟ್ಟುತ್ತದೆ. ಷೇಕ್ಸ್‌ಪಿಯರನ ಮೂರನೆಯ ರಿಚರ್ಡ್ ಪ್ರೇಕ್ಷಕರನ್ನು ಒಲಿಸಿಕೊಳ್ಳುವ ಬಗೆಯೂ ಇದೇ. ಕೊಲೆಯಾದವರಿಗಾದರೋ ನಮ್ಮೊಡನೆ ಆ ಏಕಾಂತ ದೊರೆಯುವುದೇ ಇಲ್ಲ.

ಮರುವರ್ಷ ಪಾಠವನ್ನು ಅರಸನಿಂದಲೇ ಆರಂಭಿಸಿದೆ. ಹೊರಗೆ ಆಷಾಢದ ಮಳೆ, ಒಳಗೆ ತರಗತಿಯ ತೂಕಡಿಕೆ. ಹತ್ತೇ ನಿಮಿಷಕ್ಕೆ ವಿಕ್ರಮರಾಯನನ್ನು ಕರೆತರಬೇಕಾಯಿತು.