ನಾಲ್ಕು ಜನ ಏನೆಂದಾರು?

ಆಫ್ರಿಕಾ ಖಂಡದ ನಡುಭಾಗದಲ್ಲಿರುವ ರುವಾಂಡಾ ಬೆಟ್ಟಗುಡ್ಡಗಳ ಪುಟ್ಟ ದೇಶ. ವಿಸ್ತೀರ್ಣದಲ್ಲಿ ಕರ್ನಾಟಕದ ಏಳನೆಯ ಒಂದು ಪಾಲಿನಷ್ಟೂ ಇಲ್ಲ. ಅಲ್ಲಿ 1993ರ ಜುಲೈನಲ್ಲಿ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೋ ಕೇಂದ್ರವೊಂದು ಆರಂಭವಾಯಿತು. ಸರ್ಕಾರಿ ರೇಡಿಯೋದ ಬಿಗುಮಾನಕ್ಕೆ ಬೇಸತ್ತಿದ್ದ ಯುವಕರಿಗೆ ಅದು ಹಬ್ಬದಂತೆ ಬಂತು. ಜನಪ್ರಿಯ ಹಾಡುಗಳು, ಬೀದಿಯ ಆಡುಮಾತು, ನಗೆಚಟಾಕಿ, ಕೇಳುಗರ ಜತೆ ಹರಟೆ. ಕೇಳುಗರು ಬಹುಬೇಗ ಹೆಚ್ಚಿದರು.

ಹಾಡುಗಳ ನಡುವೆ ಬೇರೆ ಮಾತೂ ತೂರಿಬರತೊಡಗಿತು. ಹುಟು ಜನಾಂಗದವರೇ ಬಹುಸಂಖ್ಯೆಯಲ್ಲಿದ್ದ ಆ ನಾಡಿನಲ್ಲಿ ಅಲ್ಪಸಂಖ್ಯಾತ ಟುಟ್ಸಿಗಳನ್ನು 'ಜಿರಳೆಗಳು' ಎಂದು ಕರೆಯಲಾಯಿತು. ಮೊದಲು ತಮಾಷೆ, ಆಮೇಲೆ ಆರೋಪ, ಕೊನೆಗೆ ಅಪ್ಪಣೆ. 1994ರ ಏಪ್ರಿಲ್ 6ರಂದು ದೇಶದ ಅಧ್ಯಕ್ಷರಿದ್ದ ವಿಮಾನವನ್ನು ಹೊಡೆದುರುಳಿಸಲಾಯಿತು. ಅದರ ಬೆನ್ನಿಗೇ ಆರಂಭವಾಗಿ ಸುಮಾರು 100 ದಿನ ನಡೆದ ಹತ್ಯಾಕಾಂಡದಲ್ಲಿ 8 ಲಕ್ಷದಷ್ಟು ಜನ ಸತ್ತರೆಂಬ ಅಂದಾಜಿದೆ. ಯಾರನ್ನು ಹುಡುಕಬೇಕು, ಅವರು ಎಲ್ಲಿ ಅಡಗಿದ್ದಾರೆ ಎಂಬುದನ್ನೂ ಆ ರೇಡಿಯೋ ಹೆಸರು ಹಿಡಿದು ಬಿತ್ತರಿಸಿತು.

ರೇಡಿಯೋ ಒಂದರಿಂದಲೇ ಇಷ್ಟೆಲ್ಲ ಆಯಿತೆನ್ನಲಾಗದು. 1990ರಿಂದ ನಡೆದಿದ್ದ ಅಂತರ್ಯುದ್ಧ, ಅಧಿಕಾರಸ್ಥರ ಸಂಚು, ಸಶಸ್ತ್ರ ಪಡೆಗಳು ಎಲ್ಲವೂ ಸೇರಿದ್ದವು. ಆದರೆ ಬೆಂಕಿಗೆ ತುಪ್ಪ ಸುರಿದದ್ದು ಆ ದನಿ. ತಾಂಜಾನಿಯಾದ ಅರುಶಾ ನಗರದಲ್ಲಿ ಕುಳಿತ ವಿಶ್ವಸಂಸ್ಥೆಯ ನ್ಯಾಯಮಂಡಳಿ 2003ರಲ್ಲಿ ಈ ಕೇಂದ್ರದ ಇಬ್ಬರು ಸ್ಥಾಪಕರನ್ನೂ ಒಂದು ಪತ್ರಿಕೆಯ ಸಂಪಾದಕನನ್ನೂ ಅಪರಾಧಿಗಳೆಂದು ಸಾರಿತು. 2007ರ ಮೇಲ್ಮನವಿಯಲ್ಲಿ ಕೆಲವು ಆರೋಪಗಳು ಬಿದ್ದುಹೋದರೂ ಮೂವರಿಗೂ 30ರಿಂದ 35 ವರ್ಷಗಳ ಸೆರೆವಾಸ ಉಳಿಯಿತು. ಮಾತಿಗೂ ಮೈಕಿಗೂ ಹೊಣೆಯುಂಟು ಎಂಬುದು ಜಗತ್ತಿಗೆ ಅಂದು ಸ್ಪಷ್ಟವಾಯಿತು.

ಕೊಂದವರು ಜೈಲಿಗೆ ಹೋಗಬಹುದು. ಆದರೆ ಬದುಕಿ ಉಳಿದವರು, ಕೊಂದವರ ಮನೆಯವರು, ಸುಮ್ಮನೆ ನೋಡುತ್ತ ನಿಂತವರು ಒಂದೇ ಬೆಟ್ಟದ ಮೇಲೆ ಮತ್ತೆ ಒಟ್ಟಿಗೆ ಬಾಳಬೇಕಲ್ಲ? ಯಾವ ರೇಡಿಯೋ ಮನಸ್ಸುಗಳನ್ನು ಕೆಡಿಸಿತ್ತೋ ಅದೇ ರೇಡಿಯೋವನ್ನು ಮದ್ದಾಗಿ ಬಳಸಲು ಹೊರಟವರು ಲಾ ಬೆನೆವೊಲೆನ್ಸಿಯಾ ಎಂಬ ಡಚ್ ಸ್ವಯಂಸೇವಾ ಸಂಸ್ಥೆಯವರು. ರುವಾಂಡಾದ ಬರಹಗಾರರು, ಕಲಾವಿದರ ಜತೆಗೂಡಿ 2004ರಲ್ಲಿ 'ಮುಸೆಕೆವೆಯಾ' ಎಂಬ ಧಾರಾವಾಹಿಯನ್ನು ಅವರು ಆರಂಭಿಸಿದರು. ಹಾಗೆಂದರೆ ಹೊಸ ಬೆಳಗು.

ಅದರ ಕಥೆ ಹಳ್ಳಿಯ ಸಂಸಾರದ ಕಥೆ. ಅಕ್ಕಪಕ್ಕದ ಗುಡ್ಡಗಳ ಮೇಲೆ ಬುಮಾಂಜಿ, ಮುಹುಮುರೊ ಎಂಬ ಎರಡು ಊರುಗಳು. ಜಮೀನಿಗಾಗಿ ಜಗಳ, ಕ್ಷಾಮ, ಊರವರನ್ನು ಎತ್ತಿಕಟ್ಟುವ ಮುಖಂಡರು. ನಡುವೆ ಆ ಊರಿನ ಹುಡುಗನಿಗೂ ಈ ಊರಿನ ಹುಡುಗಿಗೂ ಪ್ರೀತಿ. ಹಿಂಸೆ ಬೇಡವೆಂದು ಇಬ್ಬರೂ ಇತರ ಯುವಜನರನ್ನು ಒಂದುಗೂಡಿಸುತ್ತಾರೆ. ಕಥೆಯೊಳಗೆ ಹುಟು, ಟುಟ್ಸಿ ಎಂಬ ಹೆಸರುಗಳೇ ಬರುವುದಿಲ್ಲ. ಆದರೂ ಕೇಳುವವರಿಗೆ ಎಲ್ಲವೂ ಅರ್ಥವಾಗುತ್ತಿತ್ತು.

ಇಂಥ ನಾಟಕ ಕೇಳಿ ಯಾರಾದರೂ ಬದಲಾಗುತ್ತಾರೆಯೇ? ಅಮೆರಿಕದ ಮನಃಶಾಸ್ತ್ರಜ್ಞೆ ಎಲಿಜಬೆತ್ ಲೆವಿ ಪಾಲಕ್ ಇದನ್ನು ಪರೀಕ್ಷಿಸಿ ನೋಡಿದರು. ಕೆಲವು ಊರುಗಳ ಗುಂಪುಗಳಿಗೆ ವರ್ಷವಿಡೀ ಈ ಧಾರಾವಾಹಿ, ಇನ್ನು ಕೆಲವು ಗುಂಪುಗಳಿಗೆ ಆರೋಗ್ಯದ ವಿಷಯದ ಮತ್ತೊಂದು ಧಾರಾವಾಹಿ. 2009ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿದೆ. ಜನರ ಒಳಗಿನ ನಂಬಿಕೆಗಳು ಅಷ್ಟಾಗಿ ಬದಲಾಗಿರಲಿಲ್ಲ. ಬದಲಾದದ್ದು 'ನಮ್ಮ ಊರಲ್ಲಿ ಯಾವುದು ಸರಿ, ಯಾವುದು ನಡೆಯುತ್ತದೆ' ಎಂಬ ಎಣಿಕೆ. ಕನ್ನಡದ ಮನೆಮಾತಿನಲ್ಲಿ ಹೇಳುವುದಾದರೆ, 'ನಾಲ್ಕು ಜನ ಏನೆಂದಾರು' ಎಂಬ ಲೆಕ್ಕಾಚಾರ. ಅದು ಬದಲಾದಂತೆ ನಡತೆಯೂ ಬದಲಾಗಿತ್ತು.

ವರ್ಷದ ಕೊನೆಗೆ ಪ್ರತಿ ಗುಂಪಿಗೂ ಒಂದು ಟೇಪ್ ರೆಕಾರ್ಡರನ್ನೂ ಕ್ಯಾಸೆಟ್‌ಗಳನ್ನೂ ಕಾಣಿಕೆಯಾಗಿ ಕೊಡಲಾಯಿತು. ಅದನ್ನು ಯಾರು ಇಟ್ಟುಕೊಳ್ಳಬೇಕು? ಬ್ಯಾಟರಿಗೆ ಏನು ಮಾಡಬೇಕು? ಆರೋಗ್ಯದ ಧಾರಾವಾಹಿ ಕೇಳಿದವರು ಸಾಮಾನ್ಯವಾಗಿ 'ಊರ ಅಧಿಕಾರಿಯ ಕೈಗೆ ಕೊಟ್ಟುಬಿಡೋಣ' ಎಂದು ಮಾತು ಮುಗಿಸಿದರು. ಹೊಸ ಬೆಳಗಿನ ಕೇಳುಗರಲ್ಲಿ ಹಾಗಾಗಲಿಲ್ಲ. ಯಾರೋ ಒಬ್ಬರು ಅದನ್ನೇ ಹೇಳಿದಾಗ ಮತ್ತೊಬ್ಬರು ಒಪ್ಪಲಿಲ್ಲ. ಚರ್ಚೆಯಾಯಿತು, ಹಂಚಿಕೊಂಡು ಬಳಸುವ ಮಾತು ಬಂತು. ಟೇಪ್ ರೆಕಾರ್ಡರ್ ಚಿಕ್ಕ ವಸ್ತುವೇ. ಆದರೆ ಮೇಲಿನವರು ಹೇಳಿದ್ದೇ ಅಂತಿಮ ಎಂದು ಕತ್ತಿ ಎತ್ತಿದ್ದ ನಾಡಿನಲ್ಲಿ 'ನನಗೆ ಒಪ್ಪಿಗೆಯಿಲ್ಲ' ಎಂಬ ಮಾತು ಚಿಕ್ಕದಲ್ಲ.

ಹಾಗೆಂದು ರೇಡಿಯೋ ನಾಟಕವೇನೂ ಮಂತ್ರದಂಡವಲ್ಲ. ಪಕ್ಕದ ಕಾಂಗೋ ದೇಶದ ಪೂರ್ವಭಾಗದಲ್ಲಿ ಇಂಥದೇ ಧಾರಾವಾಹಿಯ ಬಳಿಕ ಕೇಳುಗರನ್ನು ಚರ್ಚೆಗೆ ಹುರಿದುಂಬಿಸುವ ಕಾರ್ಯಕ್ರಮ ಸೇರಿಸಲಾಯಿತು. ಪಾಲಕ್ ಅವರೇ 2010ರಲ್ಲಿ ಪ್ರಕಟಿಸಿದಂತೆ, ಅದನ್ನು ಕೇಳಿದವರಲ್ಲಿ ಚರ್ಚೆಯೇನೋ ಹೆಚ್ಚಿತು, ಜತೆಗೇ ಅಸಹನೆಯೂ ಹಳೆಯ ದೂರುಗಳ ನೆನಪೂ ಹೆಚ್ಚಿದವು. ಗಾಯ ಹಸಿಯಿರುವಾಗ ಬರೀ 'ಮಾತಾಡಿ' ಎಂದರೆ ಸಾಲದು. ಹೇಗೆ ಮಾತಾಡಬೇಕೆಂಬುದನ್ನೂ ತೋರಿಸಿಕೊಡಬೇಕು.

ಈ ಕಥೆ ಯಾವುದೋ ದೂರದ ದೇಶದ್ದೆಂದು ಪಾಲಕರು ಪುಟ ತಿರುವಬೇಕಿಲ್ಲ. ರೇಡಿಯೋದ ಜಾಗಕ್ಕೆ ಇಂದು ಅಂಗೈಯ ಫೋನು ಬಂದಿದೆ. ದ್ವೇಷ ಈಗಲೂ ಹಾಡಿನ, ನಗೆಚಟಾಕಿಯ ವೇಷದಲ್ಲೇ ಮೊದಲು ಬರುತ್ತದೆ. ಮಕ್ಕಳ ಕೈಯಿಂದ ಫೋನು ಕಿತ್ತುಕೊಂಡರೆ ಅದು ನಿಲ್ಲದು. ಜತೆಗೆ ಕುಳಿತು ನೋಡಿ ಮೂರು ಪ್ರಶ್ನೆ ಕೇಳುವುದು ಮೇಲು. ಇಲ್ಲಿ ಮನುಷ್ಯರನ್ನು ಹುಳುವೆಂದೋ ಪ್ರಾಣಿಯೆಂದೋ ಕರೆಯಲಾಗಿದೆಯೇ? ಎಲ್ಲ ಕಷ್ಟಕ್ಕೂ ಒಂದೇ ಗುಂಪನ್ನು ಹೊಣೆ ಮಾಡಲಾಗಿದೆಯೇ? 'ಈಗಲೇ ಏನಾದರೂ ಮಾಡಿ' ಎಂದು ಅವಸರಪಡಿಸಲಾಗಿದೆಯೇ?

ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಅಂಥದೊಂದು ವಿಡಿಯೊ ಬಂದಾಗ 'ಊರ ಉಸಾಬರಿ ನಮಗೇಕೆ' ಎಂದು ಹಿರಿಯರೆಲ್ಲ ಸುಮ್ಮನಿದ್ದರೆ, ಹದಿನೈದರ ಹುಡುಗ ಆ ಮೌನವನ್ನು ಒಪ್ಪಿಗೆಯೆಂದೇ ಓದಿಕೊಳ್ಳುತ್ತಾನೆ. 'ಇದು ಸರಿಯಲ್ಲ, ಇದನ್ನು ಮುಂದೆ ಕಳಿಸಬೇಡಿ' ಎಂದು ಚಿಕ್ಕಪ್ಪನೋ ಅತ್ತೆಯೋ ಒಂದು ಸಾಲು ಬರೆದರೆ ಸಾಕು, ಅವನ ಲೆಕ್ಕಾಚಾರ ಬದಲಾದೀತು. ಕಾಲೇಜಿನ ಗೆಳೆಯರ ಗುಂಪಿನಲ್ಲಿ ಆ ಸಾಲನ್ನು ಬರೆಯುವ ಸರದಿ ನಾಳೆ ಅವನದೇ ಆಗಬಹುದು.