ಮಗುವಿನ ಕೈಗೇ ತುತ್ತು

ಮಗುವಿಗೆ ಆರು ತಿಂಗಳು ತುಂಬುತ್ತಲೇ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುವುದು ವಾಡಿಕೆ. ಅನ್ನಪ್ರಾಶನಕ್ಕೆ ಯಾವ ದಿನ ಪ್ರಶಸ್ತ ಎಂಬುದು ಒಂದು. ಅದರ ಮರುದಿನದಿಂದ ಮಗುವಿಗೆ ಏನು ತಿನ್ನಿಸಬೇಕೆಂಬುದು ಇನ್ನೊಂದು. ಮೊದಲನೆಯದನ್ನು ಹಿರಿಯರು ಪಂಚಾಂಗ ನೋಡಿ ಇತ್ಯರ್ಥ ಮಾಡುತ್ತಾರೆ. ಎರಡನೆಯದಕ್ಕೆ ಮಾತ್ರ ಅಜ್ಜಿಯದೊಂದು, ನೆರೆಮನೆಯವರದೊಂದು, ವೈದ್ಯರದೊಂದು ಉತ್ತರ. ಈಚಿನ ವರ್ಷಗಳಲ್ಲಿ ಇವುಗಳ ನಡುವೆ ಹೊಸದೊಂದು ಮಾತೂ ನಮ್ಮ ನಗರಗಳ ಮನೆಗಳನ್ನು ಹೊಕ್ಕಿದೆ: ಮಗುವಿಗೆ ನೀವು ತಿನ್ನಿಸಲೇಬೇಡಿ, ಅದರ ಮುಂದೆ ಇಡಿ, ತಾನೇ ಎತ್ತಿಕೊಂಡು ತಿನ್ನಲಿ.

ಅಜ್ಜಿಯಂದಿರು ಕೇಳಿದೊಡನೆ ಎದೆಯ ಮೇಲೆ ಕೈಯಿಟ್ಟುಕೊಳ್ಳುವಂಥ ಮಾತು ಇದು. ಹಲ್ಲು ಬಾರದ ಕೂಸು ತಾನೇ ತಿನ್ನುವುದೆಂದರೇನು? ಗಂಟಲಿಗೆ ಸಿಕ್ಕಿಕೊಂಡರೆ? ಹೊಟ್ಟೆ ತುಂಬದೆ ಸೊರಗಿದರೆ? ಈ ಎರಡು ಭಯಗಳೂ ನಕ್ಕು ತಳ್ಳಿಹಾಕುವಂಥವಲ್ಲ. ಎರಡನ್ನೂ ಇಲ್ಲಿ ಎತ್ತಿಕೊಳ್ಳುವೆವು. ಅದಕ್ಕೆ ಮೊದಲು ಈ ಮಾತು ಎಲ್ಲಿಂದ ಬಂದಿತೆಂಬುದನ್ನು ತಿಳಿಯುವುದು ಒಳ್ಳೆಯದು.

ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ, ನೀರು ಸಹ, ಬೇಕಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೧ರಿಂದ ಹೇಳುತ್ತ ಬಂದಿದೆ. ಅದಕ್ಕೂ ಹಿಂದೆ ನಾಲ್ಕನೆಯ ತಿಂಗಳಿಗೇ ಮೇಲಾಹಾರ ತೊಡಗಿಸುವುದುಂಟು. ನಾಲ್ಕು ತಿಂಗಳ ಕೂಸು ಕುಳಿತುಕೊಳ್ಳಲಾರದು. ಬಾಯಿಗೆ ಬಂದ ಗಟ್ಟಿ ಪದಾರ್ಥವನ್ನು ಅದರ ನಾಲಿಗೆ ಹೊರಕ್ಕೇ ನೂಕುತ್ತದೆ. ಆದ್ದರಿಂದ ಅರೆದು, ಸೋಸಿ, ನೀರಾಗಿಸಿ ಒಳಗೆ ಇಳಿಸದೆ ಗತ್ಯಂತರವಿರಲಿಲ್ಲ. ಆರು ತಿಂಗಳ ಮಗುವಿನ ಮಾತು ಬೇರೆ. ಅದು ತುಸು ಆಸರೆಯಿಂದ ನೆಟ್ಟಗೆ ಕೂರುತ್ತದೆ, ಕಂಡದ್ದಕ್ಕೆ ಕೈ ಚಾಚುತ್ತದೆ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಒಯ್ಯುತ್ತದೆ. ಹಾಗಿದ್ದಮೇಲೆ ನಾಲ್ಕು ತಿಂಗಳ ಕೂಸಿಗಾಗಿ ಹುಟ್ಟಿದ ಗಂಜಿ ಇದಕ್ಕೇಕೆ ಎಂದು ಕೇಳಿದವರು ಬ್ರಿಟನ್ನಿನ ಗಿಲ್ ರ್‍ಯಾಪ್ಲಿ. ಮನೆಮನೆಗೆ ಹೋಗಿ ಎಳೆಮಕ್ಕಳ ಯೋಗಕ್ಷೇಮ ವಿಚಾರಿಸುವ ಆರೋಗ್ಯ ಸೇವಿಕೆಯಾಗಿ ದುಡಿದ ಇವರು ಟ್ರೇಸಿ ಮರ್ಕೆಟ್ ಎಂಬವರೊಡನೆ ೨೦೦೮ರಲ್ಲಿ ಬರೆದ ಪುಸ್ತಕದಿಂದ ಈ ಪದ್ಧತಿ ದೇಶದೇಶಗಳಲ್ಲಿ ಮನೆಮಾತಾಯಿತು.

ಆದರೆ ಇದಕ್ಕಿಂತ ಎಂಬತ್ತು ವರ್ಷ ಹಿಂದೆಯೇ ಅಮೆರಿಕದಲ್ಲಿ ಒಂದು ಸ್ವಾರಸ್ಯದ ಪ್ರಯೋಗ ನಡೆದಿತ್ತು. ಡಾಕ್ಟರ್ ಕ್ಲಾರಾ ಡೇವಿಸ್ ಎಂಬ ಮಹಿಳೆ ಮೊದಲು ಕ್ಲೀವ್‌ಲೆಂಡಿನಲ್ಲಿ, ಅನಂತರ ಷಿಕಾಗೋದಲ್ಲಿ ಒಟ್ಟು ೧೫ ಎಳೆಮಕ್ಕಳ ಊಟವನ್ನು ವರ್ಷಗಟ್ಟಲೆ ಗಮನಿಸಿದರು. ಆಗಷ್ಟೆ ಹಾಲು ಬಿಡಿಸಿದ, ಆರರಿಂದ ಹನ್ನೊಂದು ತಿಂಗಳೊಳಗಿನ ಕೂಸುಗಳು ಅವು. ದೊಡ್ಡವರ ಊಟವನ್ನು ಕಂಡರಿಯದವು. ಆಹಾರದ ಪಟ್ಟಿಯಲ್ಲಿದ್ದದ್ದು ೩೪ ಬಗೆ: ಹಾಲು, ಹುಳಿ ಹಾಲು, ಗೋಧಿ, ಜವೆ, ಮೊಟ್ಟೆ, ಮಾಂಸ, ಮೀನು, ಹಣ್ಣು, ತರಕಾರಿ, ಸೊಪ್ಪು. ಪ್ರತಿ ಹೊತ್ತೂ ಅವುಗಳಲ್ಲಿ ಕೆಲವನ್ನು ಬೇರೆಬೇರೆ ಬಟ್ಟಲಲ್ಲಿ ಮಗುವಿನ ಮುಂದೆ ಇಡುತ್ತಿದ್ದರು. ಪಕ್ಕದಲ್ಲಿ ದಾದಿಯೊಬ್ಬಳು ಚಮಚ ಹಿಡಿದು ಕೂರುವಳು. ಆದರೆ ಮಗು ತಾನಾಗಿ ಒಂದು ಬಟ್ಟಲಿನತ್ತ ಕೈ ಚಾಚಿದ ಹೊರತು ಅವಳು ಚಮಚ ಎತ್ತುವಂತಿಲ್ಲ. ‘ಇದು ತಿನ್ನು ಕಂದಾ’ ಎನ್ನುವಂತಿಲ್ಲ, ತಿಂದರೆ ಮೆಚ್ಚುವಂತಿಲ್ಲ, ಬಿಟ್ಟರೆ ಮುಖ ಸಿಂಡರಿಸುವಂತಿಲ್ಲ. ನಮ್ಮ ಮನೆಗಳಲ್ಲಿ ಇಂಥ ದಾದಿಯ ಕೆಲಸ ಮಾಡಬಲ್ಲ ಹೆಂಗಸು ಸಿಗುವುದು ಕಷ್ಟವೇ!

ಮಕ್ಕಳು ಮೊದಮೊದಲು ಬಟ್ಟಲನ್ನೂ ತಟ್ಟೆಯನ್ನೂ ಕಚ್ಚಿ ನೋಡಿದವು. ಕೆಲವನ್ನು ಉಗಿದವು. ಬರಬರುತ್ತ ತಮಗೆ ಬೇಕಾದುದನ್ನು ಆಯ್ದು ತಿನ್ನತೊಡಗಿದವು. ಒಂದು ಮಗು ಬೆಳಗಿನ ಊಟಕ್ಕೆ ಕಿತ್ತಳೆಯ ರಸವನ್ನೂ ಪಿತ್ತಜನಕಾಂಗದ ಮಾಂಸವನ್ನೂ ಕೂಡಿಸಿದರೆ, ಇನ್ನೊಂದು ರಾತ್ರಿಯ ಊಟಕ್ಕೆ ಮೊಟ್ಟೆ, ಬಾಳೆಹಣ್ಣು, ಹಾಲು ಸಾಕೆಂದಿತು. ಯಾವ ಗೃಹಿಣಿಯೂ ಹೀಗೆ ಬಡಿಸಲಾರಳು. ಆದರೂ ಮಕ್ಕಳೆಲ್ಲವೂ ಚೆನ್ನಾಗಿ ಬೆಳೆದವು. ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗದಿಂದ ನರಳುತ್ತ ಬಂದ ಒಂದು ಮಗುವಿನ ತಟ್ಟೆಯಲ್ಲಿ ಕಾಡ್ ಮೀನಿನ ಎಣ್ಣೆಯ ಬಟ್ಟಲನ್ನೂ ಇಟ್ಟಿದ್ದರು. ರೋಗ ವಾಸಿಯಾಗುವವರೆಗೆ ಅದು ಆ ಎಣ್ಣೆಯನ್ನು ಬಿಟ್ಟುಬಿಟ್ಟು ಕುಡಿಯುತ್ತಿದ್ದು, ವಾಸಿಯಾದ ಮೇಲೆ ಮುಟ್ಟಲಿಲ್ಲವಂತೆ.

ಈ ಕತೆಯನ್ನು ಕೇಳಿ, ‘ಮಕ್ಕಳಿಗೆ ಎಲ್ಲವೂ ತಿಳಿಯುತ್ತದೆ, ಅವು ಕೇಳಿದ್ದನ್ನೇ ಕೊಡೋಣ’ ಎಂದು ಯಾರಾದರೂ ಬಿಸ್ಕತ್ತಿನ ಡಬ್ಬಿಯನ್ನು ತೆರೆದರೆ ಅವರು ಅರ್ಧ ಕತೆಯನ್ನು ಮಾತ್ರ ಕೇಳಿದಂತಾಯಿತು. ಆ ೩೪ರಲ್ಲಿ ಸಕ್ಕರೆ ಇರಲಿಲ್ಲ, ಕರಿದದ್ದು ಇರಲಿಲ್ಲ, ಡಬ್ಬಿಯ ಆಹಾರ ಒಂದೂ ಇರಲಿಲ್ಲ. ಇಡೀ ಪ್ರಯೋಗದ ಗುಟ್ಟು ಇರುವುದು ಆ ಪಟ್ಟಿಯಲ್ಲೇ ಎಂದು ಡೇವಿಸ್ ಅವರೇ ೧೯೩೯ರಲ್ಲಿ ಒಪ್ಪಿಕೊಂಡಿದ್ದಾರೆ. ಏನನ್ನು, ಯಾವ ಹೊತ್ತಿಗೆ ಮುಂದಿಡಬೇಕೆಂಬುದು ದೊಡ್ಡವರ ಹೊಣೆ. ಅದರಲ್ಲಿ ಯಾವುದನ್ನು, ಎಷ್ಟು ತಿನ್ನಬೇಕೆಂಬುದು ಮಗುವಿನ ಹಕ್ಕು. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತಲೆಕೆಳಗು: ಏನು ಬೇಕೆಂದು ಮಗುವನ್ನು ಕೇಳುತ್ತೇವೆ, ಎಷ್ಟು ತಿನ್ನಬೇಕೆಂದು ನಾವು ತೀರ್ಮಾನಿಸುತ್ತೇವೆ.

ನಮ್ಮ ಕಡೆ ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಒಳಲೆಯಿಂದ ರಾಗಿ ಸರಿಯನ್ನು ಬಾಯಿಗೆ ಹೊಯ್ಯುವುದು ಹಿಂದಿನಿಂದ ಬಂದ ರೂಢಿ. ಮಗು ಅತ್ತಾಗ ಬಾಯಿ ತೆರೆಯುತ್ತದೆ, ಆಗ ಇನ್ನೊಂದು ಗುಟುಕು. ಅಳುವಾಗ ಒಳಕ್ಕೆ ಎಳೆದ ಉಸಿರಿನೊಡನೆ ಸರಿಯೂ ಶ್ವಾಸನಾಳಕ್ಕೆ ಹೋಗಬಹುದೆಂಬುದನ್ನು ನೆನೆದರೆ, ಯಾವುದು ಹೆಚ್ಚು ಅಪಾಯದ ಪದ್ಧತಿ ಎಂದು ಯೋಚಿಸಬೇಕಾಗುತ್ತದೆ. ಇಂದು ಒಳಲೆ ಕೆಲವು ಮನೆಗಳಿಂದ ಹೋಗಿದೆ. ಅದರ ಜಾಗಕ್ಕೆ ಮೊಬೈಲು ಬಂದಿದೆ. ಚಿತ್ರ ನೋಡುತ್ತ ಬಾಯಿ ತೆರೆದ ಮಗುವಿನೊಳಕ್ಕೆ ಚಮಚ ಹೋಗಿ ಬರುತ್ತದೆ. ತಾನು ಏನು ತಿಂದೆ, ಹೊಟ್ಟೆ ತುಂಬಿತೆ ಎಂಬುದು ಆ ಮಗುವಿಗೆ ಗೊತ್ತಾಗುವ ಬಗೆಯೇ ಇಲ್ಲ.

ಇಷ್ಟು ಹೇಳಿ ರಾಗಿ ಸರಿಯನ್ನು ನಿಂದಿಸಿದೆವೆಂದು ಹಿರಿಯರು ಬೇಸರಿಸಬಾರದು. ಮೊಳಕೆ ಕಟ್ಟಿಸಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಆ ಹಿಟ್ಟು ಯಾವ ಅಂಗಡಿಯ ಡಬ್ಬಿಗೂ ಕಡಮೆಯದಲ್ಲ. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಅದನ್ನು ಚಮಚದಿಂದ ಜಾರಿ ಬೀಳದಷ್ಟು ಗಟ್ಟಿಯಾಗಿ ಕಾಸಿ, ಚಮಚಕ್ಕೆ ತುಂಬಿ, ಚಮಚವನ್ನೇ ಮಗುವಿನ ಕೈಗೆ ಕೊಡಿ. ಬಟ್ಟಲಲ್ಲಿ ಕೈ ಅದ್ದಿ ನೆಕ್ಕಿದರೂ ನೆಕ್ಕಲಿ. ಕೈಯಿಂದ ತಿನ್ನುವುದನ್ನು ಮಕ್ಕಳಿಗೆ ಬಿಡುವುದು ಮುಳ್ಳುಚಮಚದ ನಾಡಿನವರಿಗೆ ಹೊಸ ಶೋಧವಾಗಿರಬಹುದು. ಕೈಯಿಂದಲೇ ಕಲಸಿ ಉಣ್ಣುವ ನಮಗೆ ಅದು ಅಷ್ಟು ವಿಚಿತ್ರವೇಕೆ? ಮನೆಯವರು ಊಟಕ್ಕೆ ಕೂತಾಗ ಮಗುವನ್ನೂ ಕೂರಿಸಿಕೊಳ್ಳಿ. ನಿಮ್ಮ ಕೈ ಬಾಯಿಗೆ ಹೋಗುವುದನ್ನು ಅದು ಎಷ್ಟು ತದೇಕಚಿತ್ತದಿಂದ ನೋಡುತ್ತದೆಂಬುದನ್ನು ಕಂಡೇ ತಿಳಿಯಬೇಕು.

ಆರು ತಿಂಗಳ ಮಗು ಮುಷ್ಟಿ ಕಟ್ಟಿ ಹಿಡಿಯುತ್ತದೆ. ಮುಷ್ಟಿಯೊಳಗೆ ಅಡಗಿದ್ದನ್ನು ತಿನ್ನಲಾರದು. ಆದ್ದರಿಂದ ನಿಮ್ಮ ಬೆರಳಿನಷ್ಟು ಉದ್ದದ ತುಂಡುಗಳಿರಲಿ. ಹಬೆಯಲ್ಲಿ ಬೇಯಿಸಿದ ಸಿಹಿಗುಂಬಳ, ಗೆಣಸು, ಗಜ್ಜರಿ, ಸೀಮೆಬದನೆ. ಕಳಿತ ಬಾಳೆಹಣ್ಣು, ಪರಂಗಿ. ಮೆತ್ತನೆಯ ಇಡ್ಲಿಯ ಉದ್ದ ತುಂಡು, ತುಪ್ಪ ಸವರಿದ ರಾಗಿ ದೋಸೆ, ತೊವ್ವೆಯೊಡನೆ ನುಣ್ಣಗೆ ಹಿಸುಕಿದ ಅನ್ನದ ಪುಟ್ಟ ಉಂಡೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಜಜ್ಜಿಹೋಗುವಂತಿರಬೇಕು, ಇದೇ ಪರೀಕ್ಷೆ. ಒಂದು ವರ್ಷ ತುಂಬುವವರೆಗೆ ಮಗುವಿನ ಪಾಲಿಗೆ ಉಪ್ಪು ಸಕ್ಕರೆ ಬೆರೆಸಬೇಡಿ. ಸಾರು ಹುಳಿಗಳಿಗೆ ಉಪ್ಪು ಹಾಕುವ ಮೊದಲೇ ಅದರದನ್ನು ತೆಗೆದಿಟ್ಟರೆ ಸರಿಹೋಯಿತು. ಜೇನುತುಪ್ಪವಂತೂ ವರ್ಷದೊಳಗೆ ಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ಅಣುಜೀವಿಯ ಬೀಜಕಗಳು ಎಳೆಗರುಳಿನಲ್ಲಿ ವಿಷ ಹುಟ್ಟಿಸಬಲ್ಲವು.

ಇನ್ನು ಗಂಟಲಿನ ಭಯ. ಈ ವಯಸ್ಸಿನಲ್ಲಿ ಓಕರಿಕೆ ನಾಲಿಗೆಯ ಮುಂಭಾಗದಲ್ಲೇ ಏಳುತ್ತದೆ. ಮಗು ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ತುಂಡು ಹೊರಕ್ಕೆ ಬರುತ್ತದೆ, ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ. ನೋಡಲು ಗಾಬರಿಯಾದರೂ ಇದು ಮಗುವಿನ ಕಾವಲು. ನಿಜವಾದ ಅಪಾಯಕ್ಕೆ ಸದ್ದಿಲ್ಲ: ಅಳುವುದಿಲ್ಲ, ಕೆಮ್ಮಲಾರದು, ತುಟಿ ನೀಲಿಗಟ್ಟುತ್ತದೆ. ಆಗ ಮಗುವನ್ನು ಮುಂದೋಳಿನ ಮೇಲೆ ತಲೆ ತಗ್ಗಾಗುವಂತೆ ಕವುಚಿ, ಹೆಗಲೆಲುಬುಗಳ ನಡುವೆ ಐದು ಬಾರಿ ಬಿರುಸಾಗಿ ತಟ್ಟಬೇಕು. ಹೊರಬಾರದಿದ್ದರೆ ತಿರುಗಿಸಿ ಎದೆಯ ನಡುಭಾಗವನ್ನು ಐದು ಬಾರಿ ಒತ್ತಬೇಕು. ಹೀಗೆ ಒಂದಾದ ಮೇಲೊಂದು ಮಾಡುತ್ತಿರುವಾಗಲೇ ಇನ್ನೊಬ್ಬರು ೧೦೮ಕ್ಕೆ ಕರೆ ಮಾಡಬೇಕು. ಕಾಣದ ತುಂಡಿಗಾಗಿ ಗಂಟಲೊಳಗೆ ಬೆರಳು ತುರುಕುವುದು ತಪ್ಪು. ಈ ಕ್ರಮವನ್ನು ಓದಿ ಬಿಟ್ಟರೆ ಸಾಲದು. ಲಸಿಕೆಗೆ ಹೋದಾಗ ದಾದಿಯನ್ನು ಕೇಳಿ, ಕೈಯಲ್ಲಿ ಮಾಡಿ ಕಲಿಯಿರಿ. ಮಗುವಿನ ತಂದೆಯೂ ಕಲಿಯಲಿ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದವರು ೨೦೬ ತಾಯಂದಿರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಗುವೇ ತಿನ್ನುವ ಪದ್ಧತಿಯನ್ನೂ ಅದರಲ್ಲಿನ ಎಚ್ಚರಿಕೆಗಳನ್ನೂ ಕಲಿಸಿದರು. ೨೦೧೬ರಲ್ಲಿ ಅವರು ಪ್ರಕಟಿಸಿದಂತೆ ಗಂಟಲಿಗೆ ಸಿಕ್ಕಿದ ಪ್ರಸಂಗಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ಎರಡೂ ಗುಂಪಿನ ಎಷ್ಟೋ ಮನೆಗಳಲ್ಲಿ ಕೊಡಬಾರದ ಪದಾರ್ಥಗಳನ್ನು ಕೊಟ್ಟಿದ್ದರು. ನಮ್ಮ ಮನೆಗಳಲ್ಲಿ ಅಂಥವು ಯಾವುವು? ಕಡಲೆಕಾಯಿ ಬೀಜ, ಹುರಿಗಡಲೆ, ಕಡಲೆಪುರಿ, ಇಡೀ ದ್ರಾಕ್ಷಿ, ಹಸಿಯ ಗಜ್ಜರಿ, ಸೇಬಿನ ಹೋಳು, ಕೊಬ್ಬರಿ ಚೂರು, ಚಕ್ಕುಲಿ ಕೋಡುಬಳೆ, ಬೀಜ ತೆಗೆಯದ ಸೀತಾಫಲ. ಅಂಟಂಟಾದ ಮುದ್ದೆಯ ದೊಡ್ಡ ತುತ್ತೂ ಬೇಡ. ಮಗು ನೆಟ್ಟಗೆ ಕುಳಿತೇ ತಿನ್ನಬೇಕು, ಬಳಿಯಲ್ಲಿ ದೊಡ್ಡವರಿರಬೇಕು, ತುಂಡನ್ನು ಬೇರೆಯವರು ಅದರ ಬಾಯಿಗೆ ಇಡಕೂಡದು. ಈ ಮೂರನೆಯದನ್ನು ಮನೆಗೆ ಬಂದ ನೆಂಟರಿಗೂ ಅಣ್ಣ ಅಕ್ಕಂದಿರಿಗೂ ಬಿಡಿಸಿ ಹೇಳಿ.

ಹೊಟ್ಟೆ ತುಂಬದೆಂಬ ಎರಡನೆಯ ಭಯದಲ್ಲಿ ಹೆಚ್ಚು ಹುರುಳಿದೆಯೆಂದು ನಮಗೆ ತೋರುತ್ತದೆ. ಬೆಂದ ಗಜ್ಜರಿಯನ್ನು ಚೀಪುವ ಮಗು ನೋಡಲು ಚೆಂದ. ಆದರೆ ಗಜ್ಜರಿಯಿಂದ ರಕ್ತ ಕೂಡುವುದಿಲ್ಲ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣಾಂಶ ಆರು ತಿಂಗಳ ಹೊತ್ತಿಗೆ ಖರ್ಚಾಗಿರುತ್ತದೆ, ಎದೆಹಾಲಿನಲ್ಲಿ ಅದು ಬಹು ಸ್ವಲ್ಪ. ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ೬೭ಕ್ಕೆ ರಕ್ತಹೀನತೆಯೆಂದು ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿತು. ಆದ್ದರಿಂದ ದಿನವೂ ಬೇಳೆ, ನುಣ್ಣಗೆ ಬೆಂದ ಕಾಳು, ಸೊಪ್ಪು ಇರಲಿ. ಜೊತೆಗೆ ನಾಲ್ಕು ಹನಿ ನಿಂಬೆರಸ ಅಥವಾ ಹಣ್ಣು ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ತಿನ್ನುವ ಮನೆಯವರು ಪೂರ್ತಿ ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು, ಮಾಂಸವನ್ನು ಈಗಿನಿಂದಲೇ ಕೊಡಬಹುದು. ಎದೆಹಾಲು ಕುಡಿಯುವ ಮಗುವಿಗೆ ಆರರಿಂದ ಎಂಟು ತಿಂಗಳಲ್ಲಿ ಮೇಲಾಹಾರದಿಂದ ಬೇಕಾಗುವುದು ದಿನಕ್ಕೆ ಸುಮಾರು ೨೦೦ ಕ್ಯಾಲೊರಿ. ತುಂಡುಗಳಿಂದಲೇ ಅಷ್ಟು ಸಿಗದೆ ಹೋಗಬಹುದು. ಹಾಗಾಗಿ ತುಂಡೂ ಇರಲಿ, ಚಮಚವೂ ಇರಲಿ. ಚಮಚವೆಂದರೆ ಪಾಪವೆನ್ನುವ ಹೊಸ ಮಡಿಯನ್ನು ನಾವು ಒಪ್ಪುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ, ತೂಕ ಏರದ, ಇನ್ನೂ ಕೂರಲಾರದ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

‘ನಾಲ್ಕು ತುತ್ತಿಗೇ ಮುಖ ತಿರುಗಿಸುತ್ತದೆ, ಏನು ಮಾಡಲಿ?’ ಎಂದು ತಾಯಂದಿರು ಕೇಳುತ್ತಾರೆ. ಏನೂ ಮಾಡಬೇಡಿ. ಮುಖ ತಿರುಗಿಸುವುದು, ತುಟಿ ಬಿಗಿಯುವುದು, ತಟ್ಟೆಯನ್ನು ನೂಕುವುದು, ಇವು ಮಾತು ಬಾರದ ಮಗುವಿನ ‘ಸಾಕಮ್ಮ’. ನಾಳೆ ಅದೇ ಪದಾರ್ಥವನ್ನು ಮತ್ತೆ ಇಡಿ. ಎಂಟು ಹತ್ತು ಸಲ ಬಿಟ್ಟದ್ದನ್ನು ಆಮೇಲೆ ಬಯಸಿ ತಿನ್ನುವ ಮಕ್ಕಳುಂಟು. ತೂಕ ತಿಂಗಳು ತಿಂಗಳಿಗೆ ಏರುತ್ತಿದ್ದರೆ ತುತ್ತು ಎಣಿಸುವ ಗೋಜು ಬೇಡ.

ನೆಲ ಕೊಳೆಯಾಗುವುದು ನಿಜ. ಗೋಡೆಗೂ ಒಂದು ಪಾಲು ಹೋಗುತ್ತದೆ. ಕೆಳಗೆ ಹಳೆಯ ಪತ್ರಿಕೆ ಹಾಸಿ. ಧಾರಾವಾಹಿಯನ್ನು ಮನೆಯವರೆಲ್ಲ ಓದಿ ಮುಗಿಸಿದ್ದರೆ ನಮ್ಮ ವಾರಪತ್ರಿಕೆಯೂ ಆದೀತು. ಒಂಬತ್ತನೆಯ ತಿಂಗಳ ಹೊತ್ತಿಗೆ ಮಗು ಬೆರಳ ತುದಿಯಿಂದ ಚಿಕ್ಕದನ್ನೂ ಹೆಕ್ಕತೊಡಗುತ್ತದೆ. ಆಗ ಉದ್ದ ತುಂಡುಗಳನ್ನು ಬಿಟ್ಟು, ಹಿಸುಕಿದ ಬಟಾಣಿ, ಮೆತ್ತಗೆ ಬೆಂದ ಅನ್ನದ ಅಗುಳು, ಪುಟ್ಟದಾಗಿ ಮುರಿದ ಚಪಾತಿಗಳನ್ನು ಕೊಡಬಹುದು. ನೀರನ್ನು ಚಿಕ್ಕ ಲೋಟದಲ್ಲೇ ಕುಡಿಸಿ. ಸೀಸೆಯ ಅಭ್ಯಾಸ ಬೇಡ.